ಕಾಂಡಿಮೆಂಟ್ಸ್ ಅಂಗಡಿಗೆ ಜಿಎಸ್‌ಟಿ ನೋಟಿಸ್: ಇನ್‌ಕಮ್ ಟ್ಯಾಕ್ಸ್ ಸೊನ್ನೆ ಇರುವವರಿಗೆ ಲಕ್ಷಗಟ್ಟಲೆ ಬಾಕಿ ಹೇಗೆ?

ಗಲ್ಲಾಪೆಟ್ಟಿಗೆ (ಪ್ರಶ್ನೆ)

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿ ವಹಿವಾಟಿಗೆ 29 ಲಕ್ಷ ಕೇಳಿದ್ದರು. ನನ್ನ ಪ್ರಶ್ನೆ ಬೆಂಗಳೂರಿನ ಮಾಮೂಲಿ ಕಾಂಡಿಮೆಂಟ್ಸ್ ಅಂಗಡಿಯದ್ದು. ಉದಾಹರಣೆಗೆ ವರ್ಷಕ್ಕೆ 46 ಲಕ್ಷ ಯುಪಿಐ ಜಮೆ ಅಂತಿಟ್ಟುಕೊಳ್ಳಿ, ನಗದು ನಗಣ್ಯ. ಹಾಲು, ಬ್ರೆಡ್, ಟೀ, ಸಿಗರೇಟು, ಬಿಸ್ಕತ್ತು. ಇದರಲ್ಲಿ ಯಾವುದಕ್ಕೆ ತೆರಿಗೆ, ಎಷ್ಟು? ಸರಕಿಗೆ ಜಿಎಸ್‌ಟಿ ನೋಂದಣಿ ಬೇಡವೆನ್ನುವ 40 ಲಕ್ಷದ ಮಿತಿ ಇದೆಯಲ್ಲ, ಮನೆಯವರ ಹಣ ಕಳೆದರೆ ಪಾರಾಗುವುದಿಲ್ಲವೇ? ಇನ್ನೊಂದು ವಿಷಯ, ಇವರಿಗೆ ಆದಾಯ ತೆರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಾಗಿದ್ದ ಮೇಲೆ ಇದು ಬಡವರ ಮೇಲಿನ ತೆರಿಗೆ ಅಲ್ಲದೆ ಮತ್ತೇನು?

ಚಲನ್

40 ಲಕ್ಷದ ಮಿತಿ ಈ ಅಂಗಡಿಗೆ ಸಿಗುವುದಿಲ್ಲ ಸರ್. ಬಹಳ ಜನ ಎಡವುವುದು ಇಲ್ಲೇ. 2019ರ ಏಪ್ರಿಲ್ 1ರಿಂದ ಬಂದ ಆ ಮಿತಿ ಬರೀ ಸರಕು ಮಾರುವವರಿಗೆ ಮಾತ್ರ. ಲೋಟಕ್ಕೆ ಟೀ ಸುರಿದು ಕೊಟ್ಟರೆ ಅದು ಸರಕಲ್ಲ, ಹೋಟೆಲ್ ಸೇವೆ. ಮಿತಿ 20 ಲಕ್ಷಕ್ಕೆ ಇಳಿಯಿತು. ಟೀ ಇಲ್ಲದಿದ್ದರೂ ಸಿಗರೇಟು ಇದೆ: ಆ ಮಿತಿ ತಂದ ಅಧಿಸೂಚನೆಯ ಪಟ್ಟಿಯಲ್ಲೇ ತಂಬಾಕು, ಪಾನ್ ಮಸಾಲ, ಐಸ್‌ಕ್ರೀಮ್ ಮಾರುವವರನ್ನು 40 ಲಕ್ಷದಿಂದ ಹೊರಗಿಟ್ಟಿದ್ದಾರೆ. ಮೂಲೆಯಲ್ಲಿ ಒಂದು ಐಸ್‌ಕ್ರೀಮ್ ಫ್ರಿಜ್ ಇದ್ದರೂ ಸಾಕು.

ಎರಡನೆಯದು, ನೋಂದಣಿ ಬೇಕೋ ಬೇಡವೋ ಎಂಬ ಲೆಕ್ಕಕ್ಕೆ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲೂ ಸೇರುತ್ತದೆ. ಬರೀ ಹಾಲು, ತರಕಾರಿ ಮಾತ್ರ ಮಾರುವವರಿಗೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 23 ಇದೆ, ಅವರು ಎಷ್ಟೇ ಮಾರಿದರೂ ನೋಂದಣಿ ಬೇಡ. ಹಾವೇರಿ ಪ್ರಕರಣ ಆ ಸಾಲಿಗೆ ಸೇರುವಂಥದ್ದು. ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇಟ್ಟ ಕ್ಷಣ ಆ ರಕ್ಷಣೆ ಹೋಯಿತು.

ಇನ್ನು ಲೆಕ್ಕ. 46ರಲ್ಲಿ 6 ಲಕ್ಷ ಕೈಸಾಲ, ಚೀಟಿ ಹಣ, ಮನೆಯವರ ಖಾತೆಯಿಂದ ಬಂದದ್ದು ಅಂತಿಟ್ಟುಕೊಳ್ಳೋಣ. ಉಳಿದ 40ರಲ್ಲಿ ಹಾಲು 14, ಬ್ರೆಡ್ 2, ಸಿಗರೇಟು 12, ಟೀ-ಕಾಫಿ 8, ಬಿಸ್ಕತ್ತು 4. ಹಾಲು, ಬ್ರೆಡ್‌ಗೆ ತೆರಿಗೆ ಇಲ್ಲ. (ಪ್ಯಾಕೆಟ್ ಮೊಸರನ್ನು ಹಾಲಿನ ಜೊತೆ ಸೇರಿಸಬೇಡಿ, 2022ರ ಜುಲೈ 18ರಿಂದ ಅದಕ್ಕೆ 5% ಇದೆ.) ಹಾಗಾಗಿ ತೆರಿಗೆ 24 ಲಕ್ಷಕ್ಕೆ ಮಾತ್ರ, 46ಕ್ಕಲ್ಲ. ಪೂರ್ತಿ ಜಮೆಗೆ 18% ಜಡಿದರೆ 8.28 ಲಕ್ಷ ಆಗುತ್ತದೆ, ನೋಟಿಸ್‌ನ ಮೊತ್ತ ನೋಡಿ ಎದೆ ಒಡೆದುಕೊಳ್ಳುವುದು ಇದಕ್ಕೇ.

ಗಿರಾಕಿ ಕೊಟ್ಟ ಹಣದಲ್ಲೇ ತೆರಿಗೆ ಸೇರಿದೆ ಎಂದು ಜಿಎಸ್‌ಟಿ ನಿಯಮ 35 ಹಿಡಿದು ನೋಟಿಸ್‌ನ ಉತ್ತರದಲ್ಲಿ ಬರೆಯಿರಿ. ಆಗ ಟೀಗೆ 8 ಲಕ್ಷ × 5/105 = 38,095. ಬಿಸ್ಕತ್ತಿಗೆ ಆಗಿನ ದರ 18%, ಅಂದರೆ 4 ಲಕ್ಷ × 18/118 = 61,017. (2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿಗೆ 5%, ಆದರೆ ಹಳೆ ವರ್ಷಕ್ಕೆ ಹಳೆ ದರವೇ.) ಸಿಗರೇಟಿಗೆ ಆಗ 28%, ಸೆಸ್ (ಹೆಚ್ಚುವರಿ ತೆರಿಗೆ) ಬೇರೆ ಇತ್ತು. ಸೆಸ್ ಬಿಟ್ಟೇ 12 ಲಕ್ಷ × 28/128 = 2,62,500.

ಅನ್ಯಾಯ ಇರುವುದು ಈ ಕೊನೆಯ ಅಂಕಿಯಲ್ಲಿ. ಸಿಗರೇಟಿನ ಮಾರ್ಜಿನ್ 8% ಅಂತಿಟ್ಟರೆ ಅಂಗಡಿಯವರಿಗೆ ಉಳಿದದ್ದು 96,000. ನೋಂದಣಿ ಇದ್ದಿದ್ದರೆ ಡಿಸ್ಟ್ರಿಬ್ಯೂಟರ್‌ಗೆ ಕಟ್ಟಿದ ತೆರಿಗೆ ಕಳೆದು 96,000 × 28/128 = 21,000 ಕಟ್ಟಿದರೆ ಮುಗಿಯುತ್ತಿತ್ತು. ನೋಂದಣಿ ಇಲ್ಲದವರಿಗೆ ಹೀಗೆ ಕಳೆಯುವ ಇನ್‌ಪುಟ್ ಕ್ರೆಡಿಟ್ ಇಲ್ಲ. ಒಂದೇ ಪ್ಯಾಕಿಗೆ ಸರ್ಕಾರಕ್ಕೆ ಆಗಲೇ ಬಂದ ತೆರಿಗೆ ಮತ್ತೆ ಬರುತ್ತದೆ. ಮೇಲೆ ವರ್ಷಕ್ಕೆ 18% ಬಡ್ಡಿ, ತೆರಿಗೆಯ 10% ಅಥವಾ 10,000 ರೂಪಾಯಿ, ಯಾವುದು ಹೆಚ್ಚೋ ಅಷ್ಟು ದಂಡ.

ಆದಾಯ ತೆರಿಗೆ ಯಾಕೆ ಸೊನ್ನೆ ಅಂದರೆ ಅದು ಲಾಭದ ಮೇಲೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ (ಸಣ್ಣ ವ್ಯಾಪಾರಿಗಳ ಅಂದಾಜು ಲಾಭದ ಸೆಕ್ಷನ್) ಪ್ರಕಾರ ಡಿಜಿಟಲ್ ವಹಿವಾಟಿನ 6% ಲಾಭ ಎಂದು ತೋರಿಸಿದರೆ 40 ಲಕ್ಷಕ್ಕೆ 2.4 ಲಕ್ಷ, ತೆರಿಗೆ ಶುರುವಾಗುವ ಮಿತಿಗಿಂತ ಕಮ್ಮಿ. ಜಿಎಸ್‌ಟಿ ನಿಮ್ಮ ಲಾಭ ಕೇಳುವುದೇ ಇಲ್ಲ.

ಮೇಲ್ತೆರಿಗೆ

ಚಲನ್ ಅವರ ಲೆಕ್ಕ ಸರಿ. ಪ್ರಶ್ನೆಯ ಕೊನೆಯ ಸಾಲಿಗೆ ನಾನು ಬರುತ್ತೇನೆ. ಈ ಅಂಗಡಿಯ ಪ್ರತಿ ರೂಪಾಯಿಗೂ ಈಗ ಜಾಡು ಇದೆ, ಜಾಡು ಹಿಡಿದು ಬರುವ ಇಲಾಖೆಯೂ ಇದೆ. ಆಸ್ತಿಯ ವಿಷಯಕ್ಕೆ ಬನ್ನಿ: ಎಸ್ಟೇಟ್ ಡ್ಯೂಟಿ (ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ಹೋಯಿತು, 2015ರ ಬಜೆಟ್‌ನಲ್ಲಿ ಸಂಪತ್ತು ತೆರಿಗೆ ಹೋಯಿತು. 2019ರ ಸೆಪ್ಟೆಂಬರ್ 20ರ ಸುಗ್ರೀವಾಜ್ಞೆಯಲ್ಲಿ ಕಂಪನಿ ತೆರಿಗೆ 22%ಕ್ಕೆ ಇಳಿಯಿತು. 2023ರಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಅತಿ ಶ್ರೀಮಂತರ ಸರ್‌ಚಾರ್ಜ್ (ತೆರಿಗೆಯ ಮೇಲಿನ ತೆರಿಗೆ) 37ರಿಂದ 25%ಕ್ಕೆ. ಷೇರನ್ನು ವರ್ಷ ದಾಟಿಸಿ ಮಾರಿದವರಿಗೆ 1.25 ಲಕ್ಷದ ಮೇಲಿನ ಲಾಭಕ್ಕೆ 12.5%, ದುಡಿದು ಸಂಬಳ ತೆಗೆದುಕೊಳ್ಳುವವರಿಗೆ 30%ವರೆಗೆ.

ನಮ್ಮ ರಾಜ್ಯದ ವೃತ್ತಿ ತೆರಿಗೆಯೂ ಹಾಗೆಯೇ. ತಿಂಗಳಿಗೆ 25,000 ಸಂಬಳದ ಸೆಕ್ಯುರಿಟಿ ಸೂಪರ್‌ವೈಸರ್‌ಗೂ 200 ರೂಪಾಯಿ, ಅದೇ ಕಟ್ಟಡದ ಹತ್ತು ಲಕ್ಷ ಸಂಬಳದ ಮ್ಯಾನೇಜರ್‌ಗೂ 200. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500ರ ಗಡಿ ಹಾಕಿದೆ, ಅದು 1988ರದ್ದು. ಹೆಚ್ಚು ಸಂಬಳಕ್ಕೆ ಹೆಚ್ಚು ಹಾಕೋಣ ಎಂದು ರಾಜ್ಯ ಹೊರಟರೂ ಆ ಗಡಿ ದಾಟುವಂತಿಲ್ಲ.

ರಸೀದಿ ಪುಸ್ತಕ

ಮೇಲ್ತೆರಿಗೆ ಅವರೇ, ಮೇಲಿನವರ ವಿಷಯದಲ್ಲಿ ತಕರಾರಿಲ್ಲ. ಆದರೆ ಇದನ್ನು ಬರೀ ಬಡವ-ಶ್ರೀಮಂತ ಜಗಳ ಮಾಡಿದರೆ ಎದುರು ಅಂಗಡಿಯವರು ಬಿಟ್ಟುಹೋಗುತ್ತಾರೆ. ಅವರೂ ಅಷ್ಟೇ ಸಣ್ಣವರು, 1.5 ಕೋಟಿಯೊಳಗಿನ ವಹಿವಾಟಿನವರ ಕಾಂಪೊಸಿಷನ್ (ಸಣ್ಣವರಿಗೆ ಕಮ್ಮಿ ದರದ ಸರಳ ಜಿಎಸ್‌ಟಿ ಯೋಜನೆ) ತೆಗೆದುಕೊಂಡಿದ್ದಾರೆ, ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಫಾರಂ ತುಂಬಿ 1% ತಮ್ಮ ಜೇಬಿನಿಂದ ಕಟ್ಟುತ್ತಾರೆ. ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಈಚೆ ಕಡೆಯವರು ಏನೂ ಕಟ್ಟದೆ ಒಂದು ರೂಪಾಯಿ ಕಮ್ಮಿಗೆ ಮಾರಿದರೆ ಪೆಟ್ಟು ಬೀಳುವುದು ಅವರಿಗೇ. ನನ್ನ ಪ್ರಕಾರ ಕಾನೂನಿನ ನಿಜವಾದ ದೋಷ ಕಾಂಪೊಸಿಷನ್ ಹಿಂದಿನ ವರ್ಷಗಳಿಗೆ ಸಿಗದಿರುವುದು. ತಡವಾಗಿ ಬಂದವರಿಗೂ ಬಡ್ಡಿ ಸಮೇತ 1% ಕಟ್ಟಲು ಬಿಟ್ಟಿದ್ದರೆ ಈ ಗಲಾಟೆ ಅರ್ಧಕ್ಕರ್ಧ ಆಗುತ್ತಲೇ ಇರಲಿಲ್ಲ.

ಕಾಂಪೊಸಿಷನ್‌ನಲ್ಲೂ ಒಂದು ಒಳಸುಳಿ ಇದೆ. ತಂದು ಮಾರುವವರಿಗೆ ಆ 1%, ತೆರಿಗೆ ಇರುವ ಮಾಲಿನ ವಹಿವಾಟಿಗೆ ಮಾತ್ರ. ತಾವೇ ಬೇಯಿಸುವ ಬೇಕರಿಯವರು ತಯಾರಕರು, ಅವರಿಗೆ ಪೂರ್ತಿ ವಹಿವಾಟಿಗೆ 1%. ಹೋಟೆಲ್ ವರ್ಗಕ್ಕೆ ಪೂರ್ತಿ ವಹಿವಾಟಿಗೆ 5%. ಹಾಲಿನ ಪ್ಯಾಕೆಟ್ ಜಾಸ್ತಿ ಮಾರುವ ಟೀ ಅಂಗಡಿಯವರು ಕಣ್ಣುಮುಚ್ಚಿ ಅದಕ್ಕೆ ಹೋದರೆ ಹಾಲಿಗೂ 5% ಕಟ್ಟಿದಂತಾಗುತ್ತದೆ. ಅಂಥವರಿಗೆ ಮಾಮೂಲಿ ನೋಂದಣಿಯೇ ಅಗ್ಗವಾಗಬಹುದು.

ಗಲ್ಲಾಪೆಟ್ಟಿಗೆ

ಟೀ, ಸಿಗರೇಟಿನಿಂದ ಮಿತಿ 20ಕ್ಕೆ ಇಳಿಯುತ್ತದೆ ಅಂತ ಗೊತ್ತಿರಲಿಲ್ಲ, ಧನ್ಯವಾದ ಸರ್. ಹಾಗಾದರೆ ನೋಟಿಸ್ ಬಂದವರು ಮೊದಲು ಏನು ಮಾಡಬೇಕು? ಕ್ಯೂಆರ್ ಕೋಡ್ ಕಿತ್ತುಹಾಕಿದರೆ?

ಚಲನ್

ಕಿತ್ತರೆ ಹಳೇ ವರ್ಷದ ಜಮೆ ಅಳಿಸಿಹೋಗುವುದಿಲ್ಲ, ನಗದೂ ವಹಿವಾಟೇ. ಸಾಲದ್ದಕ್ಕೆ 44ಎಡಿಯಲ್ಲಿ ನಗದಿಗೆ 6% ಬದಲು 8%.

ನೋಟಿಸ್‌ನಲ್ಲಿ ಕೊಟ್ಟ ದಿನದೊಳಗೆ ಲಿಖಿತ ಉತ್ತರ ಕೊಡಿ, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸುಮ್ಮನಿದ್ದರೆ ಸೆಕ್ಷನ್ 63ರಲ್ಲಿ ಅಧಿಕಾರಿಯೇ ತನಗೆ ತೋಚಿದ ಲೆಕ್ಕ ಹಾಕಿ ಆದೇಶ ಮಾಡುತ್ತಾರೆ. ಉತ್ತರದ ಜೊತೆ ವರ್ಷವಾರು ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಆ್ಯಪ್‌ನ ಮರ್ಚೆಂಟ್ ರಿಪೋರ್ಟ್, ಹಾಲಿನ ಏಜೆಂಟರ ಬಿಲ್ಲು, ಡಿಸ್ಟ್ರಿಬ್ಯೂಟರ್ ಬಿಲ್ಲು ಇರಲಿ. ವೈಯಕ್ತಿಕ ಜಮೆಯ ಪ್ರತಿ ಸಾಲಿಗೂ ಯಾರು, ಯಾಕೆ ಎಂದು ಪಕ್ಕದಲ್ಲಿ ಬರೆಯಿರಿ. ‘ಕೈಸಾಲ’ ಎಂದು ಒಟ್ಟಿಗೆ 6 ಲಕ್ಷ ಬರೆದರೆ ಯಾರೂ ಒಪ್ಪುವುದಿಲ್ಲ. ಹಾಲಿನ ಮಾರಾಟಕ್ಕೆ ಖರೀದಿ ಬಿಲ್ಲೇ ಸಾಕ್ಷಿ.

ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿಗಳು 2025ರ ಜುಲೈ 23ರ ಸಭೆಯಲ್ಲಿ ಹೇಳಿದ್ದು ನಿಜ. ಆದರೂ ನಿಮ್ಮ ನೋಟಿಸ್ ಸಂಖ್ಯೆ ಹಾಕಿ ಕೈಬಿಟ್ಟಿದ್ದೇವೆ ಎಂಬ ಕಾಗದ ಬರುವ ತನಕ ಫೈಲು ತೆಗೆದಿಡಬೇಡಿ. ಆದೇಶವೇ ಬಂದುಬಿಟ್ಟಿದ್ದರೆ ಮೇಲ್ಮನವಿಗೆ ಮೂರು ತಿಂಗಳು, ವಿವಾದದ ತೆರಿಗೆಯ 10% ಮೊದಲೇ ಕಟ್ಟಬೇಕು.

ನೋಂದಣಿಗೆ ಹೋಗುವವರು ಕಾಂಪೊಸಿಷನ್ ಬೇಕಿದ್ದರೆ ಆರ್‌ಇಜಿ-01 ಎಂಬ ನೋಂದಣಿ ಅರ್ಜಿಯಲ್ಲೇ ಟಿಕ್ ಮಾಡಿ. ಮರೆತರೆ ಸಿಎಂಪಿ-02 ಫಾರಂ ಹಾಕಿ ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು, ಅಲ್ಲಿಯವರೆಗೆ ಮಾಮೂಲಿ ದರ, ಮಾಮೂಲಿ ರಿಟರ್ನ್.