ಪದಚರ್ಚೆ: ಬಂಡೆಯ ಮೇಲಿಂದ ‘ಬಿಡು’ ಎಂದು ಕೂಗಿದರೆ ಏನೆಂದು ತಿಳಿಯಬೇಕು?

ಎಲ್ಲರಿಗೂ ನಮಸ್ಕಾರ.

ಬಂಡೆ ಹತ್ತುತ್ತಿರುವವರು ಕೆಳಗೆ ಹಗ್ಗ ಹಿಡಿದು ನಿಂತವರಿಗೆ ಕೂಗಿ ಹೇಳುವ ಮೂರು ನಾಲ್ಕು ಮಾತುಗಳಿಗೆ, ಒಂದರಂತೆ ಇನ್ನೊಂದು ಕೇಳಿಸದ ಕನ್ನಡ ಪದಗಳು ಬೇಕಾಗಿವೆ. ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಬಂಡೆಯಲ್ಲಿ ಶಾಲಾ ಮಕ್ಕಳಿಗೆ ಟಾಪ್‌ರೋಪ್ ಕಲಿಸುವ ಗೆಳೆಯರು ಬಂಡೆಯ ಬುಡದಲ್ಲಿ ನಿಲ್ಲಿಸಲು ಕನ್ನಡದ ಫಲಕ ಬರೆದುಕೊಡಿ ಎಂದಿದ್ದಾರೆ. ಜಾಗ ದೂರವೇನಲ್ಲ. ಕಾಫಿ ತೋಟದ ಅಂಚಿನ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಸಿಗುತ್ತದೆ. ಮಕ್ಕಳ ಜೊತೆ ಅಜ್ಜಿ ತಾತಂದಿರೂ ಬಂದು ನೆರಳಿನಲ್ಲಿ ಕುಳಿತು ನೋಡುತ್ತಾರೆ. ಎದುರಿಗೆ 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟ. ನೋಟ ಚೆನ್ನಾಗಿರುವ ಕಡೆ ಗಾಳಿಯೂ ಜೋರು. ತೊಡಕು ಶುರುವಾಗುವುದು ಆ ಗಾಳಿಯಿಂದಲೇ.

ಈ ಆಟದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಹತ್ತುವವರ ಹಾರ್ನೆಸ್‌ಗೆ (ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿಗೆ) ಕಟ್ಟಿದ ಹಗ್ಗ ಬಂಡೆಯ ನೆತ್ತಿಗೆ ಹೋಗಿ, ಅಲ್ಲಿ ಎರಡು ಪ್ರತ್ಯೇಕ ಆಧಾರಗಳಿಗೆ ಬಿಗಿದ ಕೊಂಡಿಗಳಲ್ಲಿ ತೂರಿ, ಮತ್ತೆ ಕೆಳಗೆ ನಿಂತವರ ಬಳಿಗೆ ಬರುತ್ತದೆ. ಬಾವಿಯ ರಾಟೆಯನ್ನು ನೆನೆಸಿಕೊಳ್ಳಿ; ಆದರೆ ಕೊಂಡಿ ರಾಟೆಯಂತೆ ತಿರುಗುವುದಿಲ್ಲ, ಆ ಉಜ್ಜಾಟವೇ ಕೆಳಗಿನವರ ಕೈಗೆ ಒಂದಷ್ಟು ಭಾರ ಕಡಿಮೆ ಮಾಡುತ್ತದೆ. ಹತ್ತಿದಂತೆಲ್ಲ ಕೆಳಗಿನವರು ಸಡಿಲವಾದ ಹಗ್ಗವನ್ನು, ಅದನ್ನು ತಡೆದು ಹಿಡಿಯಲು ನೆರವಾಗುವ ಬಿಲೇ ಸಾಧನದ ಮೂಲಕ ಎಳೆದುಕೊಳ್ಳುತ್ತ ಹೋಗುತ್ತಾರೆ. ಜಾರಿದರೆ ತುಸು ದೂರ ಬಿದ್ದು ಹಗ್ಗದಲ್ಲಿ ತೂಗಾಡುವುದಷ್ಟೇ. ಕೆಳಗಿನವರು ಪಾಲಿಸಬೇಕಾದ ಮೊದಲ ನಿಯಮ, ಬ್ರೇಕ್ ಕೈಯನ್ನು, ಎಂದರೆ ಸಾಧನದಿಂದ ಹೊರಬರುವ ಹಗ್ಗವನ್ನು ಹಿಡಿದ ಕೈಯನ್ನು, ಯಾವ ಕಾರಣಕ್ಕೂ ಹಗ್ಗದಿಂದ ತೆಗೆಯಬಾರದು ಎಂಬುದು.

ಈಗ ಪದಕ್ಕೆ ಬರುತ್ತೇನೆ. ಮೇಲಿರುವವರಿಗೆ ಹಗ್ಗ ಒಂದು ಮೊಳ ಸಡಿಲವಾಗಬೇಕಿದೆ ಎನ್ನೋಣ. ಬಾಯಿಗೆ ತಾನಾಗಿ ಬರುವ ಮಾತು ‘ಹಗ್ಗ ಬಿಡು’. ಗಾಳಿಪಟದ ದಾರ ಬಿಡು ಎಂದರೆ ಹಿಡಿದುಕೊಂಡೇ ಬಿಡಬೇಕು. ಕರುವಿನ ಹಗ್ಗ ಬಿಡು ಎಂದರೆ ಪೂರ್ತಿ ಬಿಡಬೇಕು. ಯಾವ ಬಿಡು ಎಂಬುದನ್ನು ನಾವು ಸಂದರ್ಭದಿಂದ ತಿಳಿಯುತ್ತೇವೆ. ಮೊದಲ ಸಲ ಹಗ್ಗ ಹಿಡಿದ ಹನ್ನೆರಡರ ಹುಡುಗಿಗೆ ಆ ಸಂದರ್ಭವೇ ಹೊಸದು. ಹೇಳಿದವರು ಗಾಳಿಪಟದ ಅರ್ಥದಲ್ಲಿ ಹೇಳಿ, ಕೇಳಿದವಳು ಕರುವಿನ ಅರ್ಥದಲ್ಲಿ ತಿಳಿದರೆ ಕಥೆ ಮುಗಿಯಿತು.

ಅಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮ ಭಾಷೆಯಲ್ಲಿ ‘ಬಿಡು’ ಎಲ್ಲ ಕ್ರಿಯಾಪದಗಳ ಬಾಲಕ್ಕೂ ಅಂಟಿಕೊಳ್ಳುತ್ತದೆ. ಗಟ್ಟಿಯಾಗಿ ಹಿಡಿ ಎಂದು ಒತ್ತಿ ಹೇಳಬೇಕಾದಾಗ ‘ಹಿಡಿದುಬಿಡು’ ಎನ್ನುತ್ತೇವೆ. ಮೊದಲರ್ಧವನ್ನು ಗಾಳಿ ಕೊಂಡೊಯ್ದರೆ ಕೆಳಗೆ ತಲುಪುವುದು ಬರೀ ‘ಬಿಡು’. ‘ಚೆನ್ನಾಗಿ ಹಿಡಿದಿದ್ದೀಯ ಬಿಡು’ ಎಂಬ ಮೆಚ್ಚುಗೆಗೂ ಅದೇ ಗತಿ.

ಇನ್ನು ಮರ್ಯಾದೆಯ ಪ್ರಶ್ನೆ. ಹಗ್ಗ ಹಿಡಿದವರು ಮೇಷ್ಟ್ರಾದರೆ, ಇಲ್ಲವೇ ಯಾರದೋ ದೊಡ್ಡಪ್ಪನಾದರೆ, ನಮ್ಮ ಮಕ್ಕಳು ‘ಬಿಡು’ ಎನ್ನುವುದಿಲ್ಲ, ‘ಬಿಡಿ’ ಎನ್ನುತ್ತಾರೆ. ಹಗ್ಗವನ್ನು ಎಳೆದು ಬಿರುಸು ಮಾಡಿ ಎನ್ನಲು ಎಲ್ಲರಿಗೂ ಹೊಳೆಯುವ ಪದ ‘ಬಿಗಿ’. ಜಾರುತ್ತೇನೆ ಎನ್ನಿಸಿದಾಗ ಬರುವುದು ‘ಹಿಡಿ’. ಬಿಡಿ, ಬಿಗಿ, ಹಿಡಿ: ಮೂರೂ ಎರಡೆರಡು ಅಕ್ಷರ, ಮೂರರಲ್ಲೂ ಇಕಾರವೇ, ಒಂದರ ಅರ್ಥ ಉಳಿದೆರಡಕ್ಕೆ ತದ್ವಿರುದ್ಧ. ಹದಿನೈದು ಮೀಟರ್ ಎತ್ತರದಿಂದ ಕೂಗಿದಾಗ ಉಳಿಯುವುದು ಸ್ವರ, ವ್ಯಂಜನ ಕರಗಿಹೋಗುತ್ತದೆ. ಬೇಕೆಂದೇ ಹುಡುಕಿದ್ದರೂ ಇದಕ್ಕಿಂತ ಅಪಾಯದ ಜೊತೆ ಸಿಗುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಹತ್ತುವವರಿಗೂ ಇಂಥದೇ ಪಾಠವಿದೆ. ‘ಸ್ಲ್ಯಾಕ್’ ಎಂದರೆ ಹಗ್ಗ ಕೊಡಿ ಎಂದೇ ಅರ್ಥ, ಆದ್ದರಿಂದ ಸಡಿಲವನ್ನು ಎಳೆದುಕೊಳ್ಳಿ ಎನ್ನುವಾಗ ಆ ಪದವನ್ನು ಬಾಯಿಗೆ ತರಲೇಬಾರದು ಎಂದು ಕಲಿಸುತ್ತಾರೆ. ಬರೀ ‘ಟೇಕ್’ ಎಂದರೆ ಸಾಕು. ರಾಮನಗರ, ಬಾದಾಮಿ ಬಂಡೆಗಳಲ್ಲಿ ಪಳಗಿದವರು ಈ ಇಂಗ್ಲಿಷ್ ಮಾತುಗಳನ್ನೇ ಬಳಸಿ ಎನ್ನಬಹುದು. ತಪ್ಪಲ್ಲ. ಆದರೆ ಇಲ್ಲಿಗೆ ಬರುವ ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ; ಎಲ್ಲರಿಗೂ ಗೊತ್ತಿರುವುದು ಶಾಲೆಯ ಕನ್ನಡ. ಗಾಬರಿಯಾದಾಗ ಕಲಿತ ಇಂಗ್ಲಿಷ್ ಮರೆತುಹೋಗಿ ಬರುವುದು ‘ಬಿಡಿ ಬಿಡಿ’ಯೇ. ಅದಕ್ಕೇ ಮೊದಲಿನಿಂದಲೇ ಕನ್ನಡದ ಪದಗಳನ್ನು ಬಾಯಿಗೆ ಕೂರಿಸಬೇಕು ಎಂಬುದು ನನ್ನ ಹಟ.

ಸದ್ಯ ಹೀಗೆ ಬರೆದಿಟ್ಟಿದ್ದೇನೆ. ‘ಬಿಡು’ ಧಾತುವನ್ನು ಬಂಡೆಯ ಹತ್ತಿರ ಪೂರ್ತಿ ನಿಷೇಧಿಸುವುದು. ಹಗ್ಗ ಬೇಕಾದಾಗ ‘ಸಡಿಲ’. ಇದು ನಾಮಪದವಾದ್ದರಿಂದ ನೀನು, ನೀವು ಎಂಬ ತಕರಾರಿಲ್ಲ. ಚಿಕ್ಕವರು ದೊಡ್ಡವರಿಗೂ ಕೂಗಬಹುದು. ಎಳೆದುಕೊಳ್ಳಲು ‘ಬಿಗಿ’, ‘ಬಿಡಿ’ ಎಂಬುದೇ ಇಲ್ಲದ ಮೇಲೆ ಅದರೊಂದಿಗೆ ಗೊಂದಲವಾಗಲಾರದು ಎಂಬ ನಂಬಿಕೆ. ‘ಎಳೆಯಿರಿ’ ಬೇಡವೆನಿಸಿತು, ಏಕೆಂದರೆ ಹಾಗೆಂದರೆ ಮಕ್ಕಳು ಹತ್ತುವವರನ್ನೇ ಚೀಲದಂತೆ ಮೇಲಕ್ಕೆ ಜಗ್ಗಲು ನಿಲ್ಲುತ್ತಾರೆ. ಬಿಗಿಯ ಅಗತ್ಯ ಹೆಚ್ಚಿರುವುದು ಹತ್ತಲು ತೊಡಗಿದಾಗಲೇ: ಆಗ ಹಗ್ಗ ಎರಡೂ ಕಡೆ ಪೂರ್ತಿ ಉದ್ದಕ್ಕೆ ಇರುತ್ತದೆ, ಹಿಗ್ಗುವುದೂ ಹೆಚ್ಚು, ನೆಲವೂ ಹತ್ತಿರ.

ಕೊನೆಗೆ ಕೆಳಗಿಳಿಯಲು ‘ಇಳಿಸಿ’. ‘ಇಳಿ’ ಎಂದರೆ ನೀನು ಇಳಿ ಎಂದಾಗುತ್ತದೆ, ಆದ್ದರಿಂದ ಕೊನೆಯ ‘ಸಿ’ ಸ್ಪಷ್ಟವಾಗಿ ಕೇಳಿಸಬೇಕು. ಹಗ್ಗದ ಆಟದಲ್ಲಿ ಬಹಳ ಅನಾಹುತಗಳು ನಡೆದಿರುವುದು ಇಲ್ಲೇ: ಮೇಲಿನವರು ತಮ್ಮನ್ನು ಇಳಿಸುತ್ತಾರೆಂದು ಹಿಂದಕ್ಕೆ ವಾಲುತ್ತಾರೆ, ಕೆಳಗಿನವರು ಕೆಲಸ ಮುಗಿಯಿತೆಂದು ಹಗ್ಗ ಕಳಚಿರುತ್ತಾರೆ. ‘ಆಯಿತು’, ‘ಬಂದೆ’, ‘ಸಾಕು’ ಎಂಬ ಮಾತುಗಳಿಗೆ ಈ ಫಲಕದಲ್ಲಿ ಜಾಗವಿಲ್ಲ. ಹತ್ತಿದವರ ಕಾಲು ನೆಲ ಮುಟ್ಟುವವರೆಗೆ ಕೆಳಗಿನವರ ಕೆಲಸ ಮುಗಿಯುವುದಿಲ್ಲ.

ಉಳಿದ ಪದಗಳ ಬಗ್ಗೆ ನನಗೆ ಅಷ್ಟು ತಲೆಬಿಸಿಯಿಲ್ಲ. ಟಾಪ್‌ರೋಪ್‌ಗೆ ‘ಮೇಲ್ಹಗ್ಗ’ ಎಂದು ಯಾರೋ ಸೂಚಿಸಿದರು. ಬ್ರಿಟನ್ನಿನಲ್ಲಿ ಹಗ್ಗ ಹಿಡಿಯುವವರು ಮೇಲೆ ಕುಳಿತರೆ ಟಾಪ್‌ರೋಪ್, ಕೆಳಗೆ ನಿಂತರೆ ಬಾಟಮ್‌ರೋಪ್ ಎನ್ನುವ ರೂಢಿಯೂ ಇದೆ; ಮೂಲದಲ್ಲೇ ಜಗಳವಿರುವ ಪದವನ್ನು ಅನುವಾದಿಸಿ ಏನು ಲಾಭ? ಟಾಪ್‌ರೋಪ್ ಎಂದೇ ಇರಲಿ. ಗಂಟಿಗೆ ಮಾತ್ರ ‘ಕುಣಿಕೆ’ ಎನ್ನಬಾರದು. ಹಾಗೆಂದರೆ ನೆನಪಾಗುವ ಜೀರುಗುಣಿಕೆ ಎಳೆದಷ್ಟೂ ಬಿಗಿಯುವಂಥದ್ದು; ಹಾರ್ನೆಸ್‌ಗೆ ಹಾಕುವುದು ಎಂಟರ ಆಕಾರದ ಗಂಟು, ಅದರ ಕುಣಿಕೆಯ ಅಳತೆ ಎಷ್ಟು ಎಳೆದರೂ ಬದಲಾಗದು. ‘ಎಂಟರ ಗಂಟು’ ಎಂದು ಬರೆದಿದ್ದೇನೆ, ಮಕ್ಕಳಿಗೆ ಆಗಲೇ ಹಿಡಿಸಿದೆ. ಪತ್ರಿಕೆಗಳು ಬಳಸುವ ‘ಪ್ರಪಾತ’ ಮೇಲಿನಿಂದ ಬಗ್ಗಿ ನೋಡುವವರ ಪದ, ಬುಡದಲ್ಲಿ ನಿಂತವರಿಗೆ ‘ಬಂಡೆ’ ಸಾಕು.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ಹಗ್ಗದಲ್ಲೇ ಬದುಕು ನಡೆಸುವವರು ನಮ್ಮ ಸುತ್ತ ಇದ್ದಾರೆ. ತೋಟಗಳಲ್ಲಿ ಮರ ಕಪಾತು ಮಾಡುವವರು, ಜೇನು ಕೀಳುವ ಜೇನುಕುರುಬರು, ಬಾವಿ ತೋಡುವವರು, ಕರಾವಳಿಯ ದೋಣಿಯವರು. ಹಗ್ಗ ಬೇಕು, ಹಗ್ಗ ಸಾಕು ಎನ್ನಲು ಇವರು ಏನೆಂದು ಕೂಗುತ್ತಾರೆ? ಬರೆದ ಪದ ಬೇಡ, ಕೂಗುವ ಪದ ಬೇಕು. ಎರಡನೆಯದು, ‘ಸಡಿಲ’ ನಿಮ್ಮ ಊರಿನಲ್ಲಿ ‘ಸಡ್ಲ’ ಆಗುತ್ತದೆಯೇ, ಆದರೆ ದೂರಕ್ಕೆ ಯಾವುದು ಚೆನ್ನಾಗಿ ಕೇಳಿಸುತ್ತದೆ? ಹೊಲಕ್ಕೋ ಮೈದಾನಕ್ಕೋ ಹೋಗಿ ಒಮ್ಮೆ ಕೂಗಿ ನೋಡಿ ಬರೆಯಿರಿ. ಜೂನ್ ಬಂದರೆ ಬಂಡೆ ಪಾಚಿಗಟ್ಟುತ್ತದೆ, ಮಳೆ ಮುಗಿಯುವವರೆಗೆ ಯಾರೂ ಹತ್ತುವುದಿಲ್ಲ, ಫಲಕದವರಿಗೂ ಅವಸರವಿಲ್ಲ.