ಅಪ್‌ಡೇಟ್: ಪ್ರೆಸ್ಸಿನ ಲೆಕ್ಕದಲ್ಲಿದ್ದ ಕಾರು ಮಾರಿದೆ, ತೆರಿಗೆ ಹೀಗೆ ಬಂತು

ನನ್ನ ಪ್ರಿಂಟಿಂಗ್ ಪ್ರೆಸ್ ಹೆಸರಿನಲ್ಲಿದ್ದ ಕಾರು ಮಾರಿದರೆ ಬಂದ ಹಣವೆಲ್ಲ ಆದಾಯವಾಗುತ್ತಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಈಗ ಆಡಿಟರ್ ಹತ್ತಿರ ಕೂತು ಲೆಕ್ಕ ಮುಗಿಸಿದೆ.

8 ಲಕ್ಷದ ಕಾರು. ಡಿಪ್ರಿಸಿಯೇಷನ್ (ಸವಕಳಿ ಅಂತ ವರ್ಷವರ್ಷ ಆದಾಯದಿಂದ ಕಳೆಯಲು ಬಿಡುವ ಮೊತ್ತ) ಪ್ರತಿ ವರ್ಷ ಉಳಿದ ಬೆಲೆಯ 15%ರಂತೆ ಏಳು ವರ್ಷ ಕಳೆದು ಪುಸ್ತಕದಲ್ಲಿ ಉಳಿದದ್ದು 2,56,462. ಮಾರಿದ್ದು 3.40 ಲಕ್ಷಕ್ಕೆ. ಹಾಗಾದರೆ 83,538 ಲಾಭ ಅಂತ ತೆರಿಗೆ ಕಟ್ಟಬೇಕಲ್ಲ ಅಂದುಕೊಂಡಿದ್ದೆ. ಇಲ್ಲವಂತೆ! ಆದಾಯ ತೆರಿಗೆಯಲ್ಲಿ ಕಾರಿಗೆ ಬೇರೆ ಖಾತೆಯಿಲ್ಲ. ನಮ್ಮ ಆಫ್‌ಸೆಟ್ ಮಷಿನ್, ಕಾರು ಎರಡೂ 15%ರ ಒಂದೇ 'ಬ್ಲಾಕ್'ನಲ್ಲಿವೆ, ಅಂದರೆ ಒಂದೇ ಡಿಪ್ರಿಸಿಯೇಷನ್ ದರದ ಆಸ್ತಿಗಳ ಗುಂಪಿನಲ್ಲಿ. ಆ ಬ್ಲಾಕಿನಲ್ಲಿ ಉಳಿದಿದ್ದ ಒಟ್ಟು ಮೊತ್ತದಿಂದ 3.40 ಲಕ್ಷವನ್ನು ಪೂರ್ತಿ ಕಳೆದರು, ಅಷ್ಟೇ. ಇನ್ನು ಮುಂದೆ ಮಷಿನ್ ಮೇಲಿನ ಡಿಪ್ರಿಸಿಯೇಷನ್ ಕಡಿಮೆ ಸಿಗುತ್ತೆ, ಅಂದರೆ ತೆರಿಗೆ ತಪ್ಪಿಲ್ಲ, ಮುಂದಕ್ಕೆ ಹೋಗಿದೆ. ಬ್ಲಾಕಿನಲ್ಲಿ ಕಾರೊಂದೇ ಇದ್ದಿದ್ದರೆ ಆ 83,538 ಅಲ್ಪಾವಧಿ ಬಂಡವಾಳ ಲಾಭವಾಗುತ್ತಿತ್ತು.

ಯಾರೂ ಹೇಳದೇ ಇದ್ದದ್ದು ಜಿಎಸ್‌ಟಿ. ನೋಂದಣಿ ಇರುವವರು ಗಮನಿಸಿ: 2025ರ ಜನವರಿ 16ರಿಂದ ಹಳೇ ಕಾರಿಗೆ 18%. ಆದರೆ ಪೂರ್ತಿ ಬೆಲೆಗಲ್ಲ, ಡಿಪ್ರಿಸಿಯೇಷನ್ ಕಳೆದ ಬೆಲೆಗಿಂತ ಹೆಚ್ಚು ಸಿಕ್ಕ ಮೊತ್ತಕ್ಕೆ ಮಾತ್ರ. ಆದರೆ ಕಾರು ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ (ಆಗ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡಿರಬಾರದು. ನನಗೆ ಬಿದ್ದದ್ದು 15,037 ರೂಪಾಯಿ. ಪುಸ್ತಕದ ಬೆಲೆಗಿಂತ ಕಡಿಮೆಗೆ ಮಾರಿದ್ದರೆ ಸೊನ್ನೆ.