ಪದಚರ್ಚೆ: ಕುಂಡದ ಗಿಡಕ್ಕೆ ತಾನಾಗಿ ನೀರು ಬಿಡುವ ಸಾಧನವನ್ನು ಏನೆಂದು ಕರೆಯುವುದು?

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಮಕ್ಕಳು ಮನೆಯೊಳಗಿನ ಮನಿ ಪ್ಲಾಂಟಿಗೆ ತಾನಾಗಿ ನೀರುಣಿಸುವ ಸಾಧನವೊಂದನ್ನು ಮಾಡಿದ್ದಾರೆ. ಮಣ್ಣಿಗೆ ಚುಚ್ಚಿದ, ತೇವವನ್ನು ಅಳೆಯುವ ಕೆಪ್ಯಾಸಿಟಿವ್ ಸೆನ್ಸರ್ ಕೊಡುವ ಅಂಕಿಯನ್ನು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಓದುತ್ತದೆ. ಮಣ್ಣು ಒಣಗಿದೆ ಎಂದು ಕಂಡರೆ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ 5 ವೋಲ್ಟಿನ ಪುಟ್ಟ ಪಂಪನ್ನು ಕೆಲವೇ ಸೆಕೆಂಡು ಓಡಿಸುತ್ತದೆ. ಪಕ್ಕದ ಡಬ್ಬದ ನೀರು ಸಣ್ಣ ಪೈಪಿನಲ್ಲಿ ಹರಿದು ಕುಂಡಕ್ಕೆ ಬೀಳುತ್ತದೆ. ಫಲಕವೂ ಒಂದು ಪುಟದ ವಿವರಣೆಯೂ ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಹೋಗಬೇಕಾಗಿರುವುದರಿಂದ ಈ ಅವಸರದ ಪತ್ರ.

ಮೊದಲನೆಯದಾಗಿ, ಸಾಧನಕ್ಕೆ ಹೆಸರು ಬೇಕು. ‘ಸ್ವಯಂಚಾಲಿತ ನೀರಾವರಿ ವ್ಯವಸ್ಥೆ’ ಎಂದು ಬರೆದರೆ ಒಂದು ಕುಂಡದ ಮುಂದೆ ಕಾಲುವೆ, ಅಣೆಕಟ್ಟುಗಳನ್ನು ತಂದು ನಿಲ್ಲಿಸಿದಂತಾಗುತ್ತದೆ. ಎರಡನೆಯದಾಗಿ, ಯಾವ ಅಂಕಿಯನ್ನು ದಾಟಿದಾಗ ಪಂಪು ಓಡಬೇಕೋ ಆ ‘ಥ್ರೆಶೋಲ್ಡ್’ ಅಂಕಿಗೆ ಮಕ್ಕಳು ‘ತೇವಾಂಶದ ಹೊಸ್ತಿಲು ಮೌಲ್ಯ’ ಎಂದು ಬರೆದಿದ್ದಾರೆ. ಅದು ನನಗೆ ಒಪ್ಪಿಗೆಯಾಗುತ್ತಿಲ್ಲ. ಮೂರನೆಯದು ‘ಸೈಫನ್’, ಅಂದರೆ ಪಂಪಿನ ನೆರವಿಲ್ಲದೆಯೂ ನೀರು ಪೈಪಿನ ಮೂಲಕ ಕೆಳಮಟ್ಟಕ್ಕೆ ತಾನಾಗಿ ಹರಿಯುವುದು; ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ದಯವಿಟ್ಟು ತಿಳಿದವರು ಇಂದೇ ಉತ್ತರಿಸಬೇಕಾಗಿ ಕೋರುತ್ತೇನೆ.

ಉತ್ತರ 1

ಮೇಡಂ ಅವರಿಗೆ ವಂದನೆ. ‘ಸ್ವಯಂಚಾಲಿತ’ವನ್ನು ಬಿಟ್ಟದ್ದು ಒಳ್ಳೆಯದಾಯಿತು, ಅದರ ಬದಲಿಗೆ ಯಾರಾದರೂ ‘ಸ್ವಯಂ ನೀರುಣಿಕೆ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ. ಬಿರುದಾವಳಿಗಳನ್ನೂ ಹಿಂದಿನವರ ಬಳಕೆಯಲ್ಲಿ ಸಿದ್ಧವಾಗಿರುವ ರೂಪಗಳನ್ನೂ ಬಿಟ್ಟರೆ ಸಂಸ್ಕೃತ, ಕನ್ನಡ ಪದಗಳನ್ನು ಹೀಗೆ ಬೆಸೆಯುವುದು ಸಲ್ಲದೆಂದು ಕೇಶಿರಾಜ 13ನೆಯ ಶತಮಾನದಲ್ಲೇ ಹೇಳಿದ್ದಾನೆ.

ನನ್ನ ಸಲಹೆ ‘ತನ್ನೀರೂಡಿ’. ‘ಉಣ್’ ಎಂಬುದರ ಪ್ರೇರಣಾರ್ಥಕ ರೂಪವೇ ‘ಊಡು’. ನೀರನ್ನು ಕುಡಿಯುತ್ತೇವೆಯೇ ಹೊರತು ಉಣ್ಣುವುದಿಲ್ಲ ಎಂದು ಆಕ್ಷೇಪಿಸುವವರು ‘ಮೊಲೆಯೂಡು’ ಎಂಬ ಪ್ರಯೋಗವನ್ನು ನೆನಪಿಸಿಕೊಳ್ಳಲಿ. ಹಾಲು ದ್ರವವೇ ತಾನೆ? ತಾನಾಗಿ ನೀರನ್ನು ಊಡುವುದು ಯಾವುದೋ ಅದು ತನ್ನೀರೂಡಿ. ಹಾಗೆಯೇ ಸೆನ್ಸರಿಗೆ ‘ಅರಿಕ’ ಎಂದೂ ಪಂಪಿಗೆ ‘ನೀರೆತ್ತುಕ’ ಎಂದೂ ಬರೆಯಬಹುದು. ಮಕ್ಕಳ ಕಿವಿಗೆ ಈಗಲೇ ಬೀಳದಿದ್ದರೆ ಈ ಪದಗಳು ಇನ್ನು ಯಾವಾಗ ಬಳಕೆಗೆ ಬರಬೇಕು?

ಉತ್ತರ 2

‘ತನ್ನೀರೂಡಿ’ ಎಂದು ಫಲಕದಲ್ಲಿ ಓದಿದವರು ‘ತಣ್ಣೀರು’ ಎಂಬುದನ್ನೇ ತಪ್ಪಾಗಿ ಬರೆದಿದ್ದಾರೆಂದು ತಿಳಿದು, ಲೋಟ ಎಲ್ಲಿದೆ ಎಂದು ಹುಡುಕುತ್ತಾರೆ. ಈ ಕೆಲಸಕ್ಕೆ ಹೆಸರು ನಮ್ಮಲ್ಲಿ ಮೊದಲಿನಿಂದಲೂ ಇದೆ: ನೀರಗಂಟಿ. ಕೆರೆಯ ತೂಬನ್ನು ಕಾದು, ಬೇಕಾದಾಗ ಎತ್ತಿ, ಸಾಕಾದಾಗ ಇಳಿಸುತ್ತಿದ್ದವನು ಅವನೇ. ಬೋರ್ಡು ಮಾಡುತ್ತಿರುವುದೂ ಅದನ್ನೇ. ಹೊಸ ಪದ ಕಟ್ಟುವ ಅಗತ್ಯವಿಲ್ಲ.

ಉತ್ತರ 3

ಮೇಡಂ ಅವರಿಗೆ ಬೇಕಿರುವುದು ನಾಳೆಗೆ ಒಂದು ಫಲಕ. ಧಾತುಪಾಠವನ್ನು ನಾಡಿದ್ದು ಮುಂದುವರಿಸಬಹುದು.

‘ನೀರಗಂಟಿ’ ಸೊಗಸಾದ ಪದವೇನೋ ಹೌದು, ಆದರೆ ಯಂತ್ರಕ್ಕೆ ಹೊಂದುವುದಿಲ್ಲ. ಹಳೆಯ ಮೈಸೂರು ಸೀಮೆಯ ಕೆರೆಯೂರುಗಳಲ್ಲಿ ನೀರಗಂಟಿಯ ಮುಖ್ಯ ಕೆಲಸವೇ ಹಂಚುವುದಾಗಿತ್ತು: ಯಾರ ಗದ್ದೆಗೆ ಮೊದಲು, ಎಷ್ಟು ಹೊತ್ತು ಎಂಬುದನ್ನು ನೋಡಿಕೊಂಡು, ಜಗಳ ಬರದಂತೆ ನೀರು ಬಿಡಬೇಕಾಗಿತ್ತು. ಒಂದೇ ಕುಂಡದ ಮುಂದೆ ಕುಳಿತ ಬೋರ್ಡಿಗೆ ಹಂಚುವುದು ಏನಿದೆ? ಮೇಲಾಗಿ ಅದು ಸತ್ತ ಪದವಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಕುಡಿಯುವ ನೀರು ಬಿಡುವವರನ್ನು ಇಂದಿಗೂ ನೀರುಗಂಟಿ ಎಂದೇ ಕರೆಯುತ್ತಾರೆ. ಪ್ರದರ್ಶನ ನೋಡಲು ಬಂದ ತಂದೆಯೊಬ್ಬರ ಹುದ್ದೆಯೇ ಅದಾಗಿದ್ದರೆ, ಅವರ ಹೆಸರನ್ನು 5 ವೋಲ್ಟಿನ ಪಂಪಿಗೆ ಕೊಟ್ಟದ್ದನ್ನು ಅವರು ಮೆಚ್ಚುತ್ತಾರೆಂದು ನನಗನ್ನಿಸದು.

ಹೆಸರಿಗಿಂತ ಮೊದಲು ಕ್ರಿಯಾಪದ ಗೊತ್ತಾಗಬೇಕು. ಚೊಂಬು ಹಿಡಿದು ಮಾಡಿದರೆ ಗಿಡಕ್ಕೆ ನೀರು ಹಾಕುತ್ತೇವೆ. ‘ನೀರೆರೆ’ ಎಂಬುದು ವಚನಗಳ ಕಾಲದಿಂದಲೂ ಇದೆಯಾದರೂ ಅದರಲ್ಲಿಯೂ ಸುರಿಯುವ ಕೈ ಕಾಣುತ್ತದೆ. ಗದ್ದೆಗಾದರೆ ನೀರು ಕಟ್ಟುತ್ತೇವೆ, ಹೊಲಕ್ಕೆ ಹಾಯಿಸುತ್ತೇವೆ. ನಲ್ಲಿ, ಪೈಪು, ತೂಬುಗಳಿಂದ ತಡೆದಿಟ್ಟ ನೀರನ್ನು ಹರಿಯಗೊಟ್ಟರೆ ಅದು ‘ಬಿಡುವುದು’. ಇಲ್ಲಿ ನಡೆಯುತ್ತಿರುವುದು ಇದೇ. ಆದ್ದರಿಂದ ‘ಕುಂಡದ ಗಿಡಕ್ಕೆ ತಾನಾಗಿ ನೀರು ಬಿಡುವ ಸಾಧನ’ ಎಂದು ಬರೆಯಿರಿ. ‘ಸ್ವಯಂಚಾಲಿತ ನೀರಾವರಿ ವ್ಯವಸ್ಥೆ’ಗಿಂತ ಕೊಂಚ ಉದ್ದವಾಯಿತು ನಿಜ, ಆದರೆ ಓದಿದೊಡನೆ ಅರ್ಥವಾಗುತ್ತದೆ. ಅರಿಸಮಾಸದ ಭಯವಿದ್ದವರು ಮಳೆಗಾಲವನ್ನೂ ದಿನಗೂಲಿಯನ್ನೂ ಏನು ಮಾಡುತ್ತಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.

ನಿಜವಾದ ತೊಡಕು ಎರಡನೆಯ ಪ್ರಶ್ನೆಯಲ್ಲಿದೆ. ಅದನ್ನು ಹಿಂದಿನ ಇಬ್ಬರೂ ಮುಟ್ಟಿಲ್ಲ. ಸಾಮಾನ್ಯವಾಗಿ ಸಿಗುವ ಕೆಪ್ಯಾಸಿಟಿವ್ ಸೆನ್ಸರಿನಲ್ಲಿ ಮಣ್ಣು ಒದ್ದೆಯಾದಷ್ಟೂ ಹೊರಬರುವ ವೋಲ್ಟೇಜು ಇಳಿಯುತ್ತದೆ. ಬೋರ್ಡು ಅದನ್ನು 0ಯಿಂದ 1023ರ ನಡುವಿನ ಅಂಕಿಯಾಗಿ ತೋರಿಸುವುದರಿಂದ, ಅಂಕಿ ದೊಡ್ಡದಾದಷ್ಟೂ ಮಣ್ಣು ಒಣಗಿದೆ ಎಂದರ್ಥ. ಅದಕ್ಕೆ ‘ತೇವಾಂಶದ ಮೌಲ್ಯ’ ಎಂದು ಹೆಸರಿಟ್ಟು, ‘ತೇವಾಂಶವು ಮಿತಿಯನ್ನು ಮೀರಿದಾಗ ಪಂಪು ಓಡುತ್ತದೆ’ ಎಂದು ಅಚ್ಚು ಹಾಕಿಸಿದರೆ, ಓದುವವನು ಮಣ್ಣು ಒದ್ದೆಯಾದಾಗ ನೀರು ಬೀಳುತ್ತದೆಂದೇ ತಿಳಿಯುತ್ತಾನೆ. ವ್ಯಾಕರಣ ಸರಿಯಿದ್ದೂ ವಾಕ್ಯ ಸುಳ್ಳಾಗುತ್ತದೆ. ಆ ಅಂಕಿಯನ್ನು ‘ಒಣಮಟ್ಟ’ ಎನ್ನಿ. ಸೆನ್ಸರನ್ನು ಗಾಳಿಯಲ್ಲಿ ಹಿಡಿದಾಗಿನ ಅಂಕಿ ಪೂರ್ತಿ ಒಣ, ಸೆನ್ಸರಿನ ಮೇಲಿರುವ ಗೆರೆಯವರೆಗೆ ಮಾತ್ರ ಲೋಟದ ನೀರಿನಲ್ಲಿ ಮುಳುಗಿಸಿದಾಗಿನದು ಪೂರ್ತಿ ಒದ್ದೆ. ಎರಡರ ನಡುವೆ ತಾವು ಆರಿಸಿಕೊಂಡದ್ದು ‘ನೀರು ಬಿಡುವ ಒಣಮಟ್ಟ’. ಹೊಸ್ತಿಲು ಮನೆಯ ಬಾಗಿಲಿನಲ್ಲೇ ಇರಲಿ.

ವಿವರಣೆಯಲ್ಲಿ ಅಂಕಿಯ ಗೊಡವೆಯೇ ಬೇಡವೆಂದರೆ, ‘ಮಣ್ಣು ಹದ ಮೀರಿ ಒಣಗಿದಾಗ’ ಎಂದು ಬರೆದರೆ ಸಾಕು. ಬಿತ್ತನೆಗೆ ಬಂದ ನೆಲಕ್ಕೆ ರೈತರು ಹೇಳುವ ಹದವೇ ಇಲ್ಲಿಗೂ ಸರಿ. ಅತಿಯಾದರೂ ಹದ ಕೆಡುತ್ತದೆ, ಮನಿ ಪ್ಲಾಂಟಿನ ಬೇರು ಕೊಳೆಯುವುದು ನೀರು ಹೆಚ್ಚಾಗಿಯೇ.

‘ಸೈಫನ್’ ಹಾಗೆಯೇ ಇರಲಿ. ಪದಕ್ಕಿಂತ ಎಚ್ಚರಿಕೆಯ ವಾಕ್ಯ ಮುಖ್ಯ: ಪೈಪಿನ ತುದಿ ಡಬ್ಬದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಪಂಪು ನಿಂತ ಮೇಲೂ ನೀರು ತಾನಾಗಿ ಹರಿಯುತ್ತಲೇ ಇರುತ್ತದೆ. ಡಬ್ಬವನ್ನು ಕುಂಡಕ್ಕಿಂತ ಎತ್ತರದಲ್ಲಿಟ್ಟಿದ್ದರೆ ಮೊದಲು ಕೆಳಗಿಳಿಸಿ.

ಉತ್ತರ 1ರ ಲೇಖಕರಿಂದ

ಮಳೆಗಾಲ, ದಿನಗೂಲಿಗಳು ರೂಢಿಯಲ್ಲಿ ಸಿದ್ಧವಾದವು. ಅವುಗಳನ್ನು ತೋರಿಸಿ ಹೊಸ ಬೆರಕೆಗೆ ಪರವಾನಗಿ ಕೇಳುವಂತಿಲ್ಲ. ‘ಒಣಮಟ್ಟ’ ಅಚ್ಚುಕಟ್ಟಾದ ಪದವೆಂದು ಒಪ್ಪುತ್ತೇನೆ. ಆದರೆ ಪಂಪು, ಪೈಪು, ಸೆನ್ಸರ್, ಸೈಫನ್ ಎಲ್ಲವನ್ನೂ ಒಳಗೆ ಬಿಟ್ಟುಕೊಂಡ ಮೇಲೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯವೊಂದೇ. ‘ಕೊಳವೆಬಾವಿ’ಯೂ ಒಂದು ಕಾಲಕ್ಕೆ ಹೊಸದಾಗಿಯೇ ಇತ್ತು, ಇಂದು ಎಲ್ಲ ಪತ್ರಿಕೆಗಳಲ್ಲಿದೆ.

ಉತ್ತರ 3ರ ಲೇಖಕರಿಂದ

ಪತ್ರಿಕೆಗಳಲ್ಲಿದೆ. ಕೊರೆಸುವವರು ಬೋರು ಕೊರೆಸುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಮೂರು ಫೇಸ್ ಕರೆಂಟು ಬಂದಾಗ ಮೋಟರು ತಾನಾಗಿ ಓಡಲೆಂದು ಅದೇ ರೈತರು ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಅವರ ಕನ್ನಡಕ್ಕೆ ಅದರಿಂದ ಏನೂ ಆಗಿಲ್ಲ. ವಸ್ತುವಿನ ಹೆಸರು ವಸ್ತುವಿನ ಜೊತೆಗೇ ಬರುತ್ತದೆ, ಅದನ್ನು ಬಳಸುವ ಮಾತು ನಮ್ಮದಾಗಿದ್ದರೆ ಆಯಿತು. ‘ನೀರೆತ್ತುಕ ಕೆಟ್ಟಿದೆ, ಬೇರೆ ಕೊಡಿ’ ಎಂದು ತಾವು ಅಂಗಡಿಯಲ್ಲಿ ಕೇಳಿ ತಂದ ದಿನ ಈ ಚರ್ಚೆಯನ್ನು ಮುಂದುವರಿಸೋಣ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಫಲಕಕ್ಕೆ ‘ಕುಂಡದ ಗಿಡಕ್ಕೆ ತಾನಾಗಿ ನೀರು ಬಿಡುವ ಸಾಧನ’ ಎಂದೂ ವಿವರಣೆಯಲ್ಲಿ ‘ಒಣಮಟ್ಟ’ ಎಂದೂ ಬರೆದು ಮುದ್ರಣಕ್ಕೆ ಕಳುಹಿಸಿದ್ದೇನೆ. ಅಂಕಿ ಏರಿದರೆ ತೇವ ಇಳಿದಂತೆ ಎಂಬುದನ್ನು ಮಕ್ಕಳು ಪ್ರೋಗ್ರಾಮಿನಲ್ಲಿ ಸರಿಯಾಗಿಯೇ ಬರೆದಿದ್ದರು. ಕನ್ನಡದ ಪುಟದಲ್ಲಿ ಮಾತ್ರ ತಿರುವುಮುರುವಾಗಿತ್ತು. ‘ನೀರೂಡು’ ಎಂಬುದನ್ನು ವಿವರಣೆಯ ಒಂದು ವಾಕ್ಯದಲ್ಲಿ ಉಳಿಸಿಕೊಂಡಿದ್ದೇನೆ, ಅದು ಮಕ್ಕಳಿಗೂ ಹಿಡಿಸಿತು. ಡಬ್ಬವು ಕಪಾಟಿನ ಮೇಲಿತ್ತು, ಅದನ್ನು ಕೆಳಗಿಳಿಸಲಾಗಿದೆ.